ಒಬ್ಬರಿಗೇ ಗೊತ್ತಿದ್ದ ಕೆಲಸ

ನಾನು ಏನು ಕಲಿಸುತ್ತೇನೆ ಎಂಬುದನ್ನು ನಮ್ಮ ಅತ್ತೆಗೆ ಅರ್ಥ ಮಾಡಿಸಲು ಕೊನೆಯವರೆಗೂ ನನ್ನಿಂದ ಆಗಲಿಲ್ಲ. ಒಂದು ಕಂಪನಿಯ ಕಂಪ್ಯೂಟರಿನಿಂದ ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ಫೈಲುಗಳನ್ನು ಬೇರೆ ಯಾರ ಕೈಗೂ ಸಿಗದಂತೆ ಕಳಿಸುವ ವ್ಯವಸ್ಥೆ ಇರುತ್ತದೆ, ಅದನ್ನು ನೋಡಿಕೊಳ್ಳುವವರಿಗೆ ನಾನು ತರಬೇತಿ ಕೊಡುತ್ತೇನೆ ಎಂದರೆ, "ಕಳ್ಸೋದಕ್ಕೆ ಐದು ದಿನ ಪಾಠ ಬೇಕೇನಮ್ಮಾ?" ಎಂದು ಕೇಳುತ್ತಿದ್ದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕಳಿಸುವುದಕ್ಕೆ ಐದು ನಿಮಿಷ ಸಾಕು. ಕಳಿಸಿದ್ದು ಸರಿಯಾದವರಿಗೇ ತಲುಪಿತೇ, ದಾರಿಯಲ್ಲಿ ಯಾರಾದರೂ ಓದಿದರೇ, ತಲುಪದೇ ಹೋದರೆ ಅದು ಯಾರ ಗಮನಕ್ಕೆ ಬರುತ್ತದೆ, ದಿನಾ ಕಳಿಸುತ್ತಿದ್ದವರು ಕೆಲಸ ಬಿಟ್ಟು ಹೋದರೆ ಮುಂದೇನು, ಉಳಿದ ಸಮಯವೆಲ್ಲ ಇದಕ್ಕೇ ಹೋಗುತ್ತಿತ್ತು.

ನಾನು ಪಾಠ ಹೇಳಲು ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ, ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿಯೊಂದರ ಮಹಡಿಯ ಮೇಲಿದ್ದ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿ ಕಲಿಯಲು ಬರುತ್ತಿದ್ದವರು ಮನೆಯಲ್ಲಿ ದಖನಿ ಉರ್ದು, ತಮಿಳು, ತೆಲುಗು ಆಡುವವರು. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅರ್ಥವಾಗದಿದ್ದರೆ ಹರಕು ತಮಿಳಿನಲ್ಲಿ ಹೇಳುತ್ತಿದ್ದೆ, ಅದೂ ಆಗದಿದ್ದರೆ ಅವರಲ್ಲೇ ಯಾರಾದರೂ ಎದ್ದು ಪಕ್ಕದವರಿಗೆ ಹೇಳಿಕೊಡುತ್ತಿದ್ದರು. ಆ ಅಭ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬಂತು. ಮದುವೆಯಾಗಿ ಒಂದೆರಡು ವರ್ಷಕ್ಕೆ ಇಂದಿರಾನಗರದ ಒಂದು ಸಣ್ಣ ಕಂಪನಿ ಸೇರಿದೆ. ಫೈಲು ಕಳಿಸುವ ಸಾಫ್ಟ್‌ವೇರ್ ಒಂದನ್ನು ಅವರು ಬೇರೆ ಕಂಪನಿಗಳಿಗೆ ಮಾರುತ್ತಿದ್ದರು. ಕೊಂಡವರ ಆಫೀಸಿಗೇ ಹೋಗಿ ಅವರ ಅಡ್ಮಿನ್‌ಗಳಿಗೆ ಕಲಿಸಿ ಬರುವುದು ನನ್ನ ಪಾಲಿನ ಕೆಲಸ. ಕೆ.ಆರ್. ಪುರದ ಮನೆಯಿಂದ ಬೆಳಿಗ್ಗೆ ಬಸ್ ಹಿಡಿದು ಎಲ್ಲೆಲ್ಲಿಗೋ ಹೋಗುತ್ತಿದ್ದೆ. ಹೆಚ್ಚಿನ ಕ್ಲಾಸುಗಳು ಈಗ ಒಂದರೊಳಗೊಂದು ಬೆರೆತುಹೋಗಿವೆ. ದೊಡ್ಡನೆಕ್ಕುಂದಿಯ ಕ್ಲಾಸು ಮಾತ್ರ ಬೇರೆಯಾಗಿ ಉಳಿದುಕೊಂಡಿದೆ.

ಅದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾದ ಮೇಲಿನ ಮಾತು. ಆ ಕಂಪನಿ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಅಚ್ಚಿನ ಕೆಲಸ ಮಾಡುತ್ತಿತ್ತು. ವಿಮಾ ಕಂಪನಿಗಳು ತಮ್ಮ ಪಾಲಿಸಿದಾರರ ಹೆಸರು, ವಿಳಾಸ, ಕಟ್ಟಬೇಕಾದ ಕಂತಿನ ವಿವರಗಳನ್ನು ಇವರಿಗೆ ಕಳಿಸುತ್ತಿದ್ದವು. ಇವರು ಅದನ್ನು ನೋಟಿಸು ಮಾಡಿ ಅಚ್ಚು ಹಾಕಿ, ಮಡಚಿ, ಲಕೋಟೆಗೆ ತುಂಬಿ ಅಂಚೆಗೆ ಹಾಕುತ್ತಿದ್ದರು. ಮೊದಲು ವಿವರಗಳು ಸಿ.ಡಿ.ಯಲ್ಲಿ ಕೊರಿಯರ್ ಮೂಲಕ ಬರುತ್ತಿದ್ದವು, ಆಮೇಲೆ ಇಂಟರ್‌ನೆಟ್ಟಿನಲ್ಲಿ ಬರಲು ಶುರುವಾದವು. ಹಾಗೆ ಬರುವಾಗ ಅವುಗಳಿಗೆ ಯಾವ ಕಾವಲೂ ಇರಲಿಲ್ಲ. ಒಂದು ವಿಮಾ ಕಂಪನಿಯ ಆಡಿಟರ್ ಬಂದು ನೋಡಿ ಎರಡು ಆಕ್ಷೇಪ ಬರೆದುಹೋದ. ಫೈಲುಗಳು ಬೀಗ ಹಾಕಿಕೊಂಡು ಓಡಾಡಬೇಕು ಎನ್ನುವುದು ಒಂದು. ಈ ಕೆಲಸ ಗೊತ್ತಿರುವವರು ಇಡೀ ಕಂಪನಿಯಲ್ಲಿ ಒಬ್ಬರೇ ಇದ್ದಾರೆ, ಅದು ನಡೆಯುವುದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅವರು ನಮ್ಮ ಸಾಫ್ಟ್‌ವೇರ್ ಕೊಂಡರು. ಎರಡನೆಯದಕ್ಕೆ ನನ್ನನ್ನು ಕರೆಸಿದರು.

ಮೊದಲ ದಿನ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿದರು. ಆ ಒಬ್ಬರೇ ಒಬ್ಬರಿಗೆ ಐವತ್ತು ದಾಟಿತ್ತು. ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದವರು, ಸ್ವಯಂ ನಿವೃತ್ತಿ ತೆಗೆದುಕೊಂಡು ಇಲ್ಲಿ ಸೇರಿದ್ದರು. ಸೇರಿದಾಗಿನಿಂದ ಒಂದು ದಿನವೂ ರಜೆ ಹಾಕಿರಲಿಲ್ಲ. ಭಾನುವಾರವೂ ಬಂದು ಒಂದು ಗಂಟೆ ನೋಡಿಹೋಗುತ್ತಿದ್ದರು. ಮ್ಯಾನೇಜರ್ ಇದನ್ನು ಹೊಗಳಿಕೆಯ ಹಾಗೆ ಶುರು ಮಾಡಿ ದೂರಿನ ಹಾಗೆ ಮುಗಿಸಿದರು. ಯಾರಿಗೂ ಹೇಳಿಕೊಡುವುದಿಲ್ಲ, ಕೇಳಿದರೆ ನಾನಿದ್ದೇನಲ್ಲ ಎನ್ನುತ್ತಾರೆ, ನಾಳೆ ಅವರಿಗೆ ಜ್ವರ ಬಂದರೆ ಲಕ್ಷಾಂತರ ಜನರಿಗೆ ನೋಟಿಸು ಹೋಗುವುದಿಲ್ಲ ಎಂದರು. ಅವರನ್ನೂ ಕ್ಲಾಸಿಗೆ ಕೂರಲು ಹೇಳಿದ್ದೇನೆ, ಅವರ ಬಾಯಿ ಬಿಡಿಸುವುದು ನಿಮ್ಮ ಜವಾಬ್ದಾರಿ ಎಂದೂ ಸೇರಿಸಿದರು. ಇಂಥ ಜವಾಬ್ದಾರಿ ನಮ್ಮ ಕರಾರಿನಲ್ಲಿ ಇರಲಿಲ್ಲ.

ಕ್ಲಾಸು ನಡೆದದ್ದು ಅಚ್ಚಿನ ಹಾಲಿನ ಪಕ್ಕದ ಕಾಗದದ ಗೋದಾಮಿನಲ್ಲಿ. ಅರ್ಧ ಖಾಲಿ ಮಾಡಿಸಿ ಮೇಜು ಹಾಕಿಸಿದ್ದರು. ಗೋಡೆಯ ಆಚೆ ಯಂತ್ರಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು, ಸ್ವಲ್ಪ ಹೊತ್ತಿಗೆ ಅದು ಕಿವಿಗೆ ಬೀಳುವುದೇ ನಿಂತುಹೋಗುತ್ತಿತ್ತು. ಹೊಸದಾಗಿ ಕಲಿಯುವವರು ಇಬ್ಬರು. ಬಾಣಸವಾಡಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ, ಡಿಗ್ರಿ ಮುಗಿಸಿ ಎರಡು ವರ್ಷದಿಂದ ಅಲ್ಲೇ ಡೇಟಾ ವಿಭಾಗದಲ್ಲಿದ್ದವಳು. ಏನೇ ಹೇಳಿದರೂ ಯಾಕೆ ಎಂದು ಕೇಳುತ್ತಿದ್ದಳು. ಇನ್ನೊಬ್ಬ ಹಲಸೂರಿನವನು. ಮನೆಮಾತು ತಮಿಳು, ಆಫೀಸಿನಲ್ಲಿ ಕನ್ನಡ, ಯಂತ್ರ ಕೈಕೊಟ್ಟಾಗ ಇಂಗ್ಲಿಷ್. ಹಿರಿಯರು ಹಿಂದಿನ ಕುರ್ಚಿಯಲ್ಲಿ ಕೂತು ಮೊಬೈಲನ್ನು ಎದುರಿಗೆ ಇಟ್ಟುಕೊಂಡಿದ್ದರು. ಅದು ಅಲುಗಾಡಿದಾಗಲೆಲ್ಲ ಎದ್ದು ಹೋಗುತ್ತಿದ್ದರು. ಫೈಲು ಬಂದಿದೆ ಎಂದು ಅರ್ಥ. ವಾಪಸು ಬಂದು ಸದ್ದಿಲ್ಲದೆ ಕೂರುತ್ತಿದ್ದರು. ಅಗೌರವ ತೋರಿಸುತ್ತಿರಲಿಲ್ಲ. ನನ್ನ ಬೋರ್ಡಿನ ಮೇಲಿದ್ದದ್ದನ್ನು ಓದುತ್ತಿದ್ದರು, ಆದರೆ ಬರೆದುಕೊಳ್ಳುತ್ತಿರಲಿಲ್ಲ.

ಮೊದಲ ಎರಡು ದಿನ ಚೆನ್ನಾಗಿಯೇ ನಡೆಯಿತು. ಬೀಗದ ಮಾದರಿಯಲ್ಲಿ ನಾನು ಪಾಠ ಹೇಳುತ್ತಿದ್ದೆ. ನಿಮ್ಮ ಬೀಗವನ್ನು ಯಾರಿಗೆ ಬೇಕಾದರೂ ಹಂಚಿ, ಅವರು ಪೆಟ್ಟಿಗೆಗೆ ಹಾಕಿ ಒತ್ತಿ ಕಳಿಸಲಿ, ತೆಗೆಯುವ ಕೀಲಿ ಮಾತ್ರ ನಿಮ್ಮ ಹತ್ತಿರವೇ ಇರಲಿ. ಇಷ್ಟು ಎಲ್ಲರಿಗೂ ಹಿಡಿಸುತ್ತದೆ. ಬಂದಿರುವ ಬೀಗ ನಿಜವಾಗಿ ಅವರದ್ದೇ ಎಂದು ತಿಳಿಯುವುದು ಹೇಗೆ ಎಂಬಲ್ಲಿ ಎಡವುತ್ತಾರೆ. ಪ್ರತಿಯೊಂದು ಬೀಗಕ್ಕೂ ಬೆರಳಚ್ಚಿನ ಹಾಗೆ ಒಂದು ಉದ್ದನೆಯ ಗುರುತು ಇರುತ್ತದೆ. ಅಂಕಿಗಳು, ನಡುವೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳು. ಆ ಕಡೆಯವರಿಗೆ ಫೋನ್ ಮಾಡಿ, ಇಬ್ಬರೂ ಓದಿ ತಾಳೆ ನೋಡಬೇಕು. ಹುಡುಗಿಯನ್ನು ಅಚ್ಚಿನ ಹಾಲಿಗೆ ಕಳಿಸಿ, ಹಲಸೂರಿನವನನ್ನು ಇಲ್ಲಿ ಕೂರಿಸಿ ಫೋನಿನಲ್ಲಿ ಓದಿಸಿದೆ. ಯಂತ್ರದ ಸದ್ದಿನಲ್ಲಿ ಬಿ ಮತ್ತು ಡಿ ಒಂದೇ ಹಾಗೆ ಕೇಳಿ ಮೂರು ಸಲ ತಪ್ಪಿತು. ಕೊನೆಗೆ ಅವರಿಬ್ಬರೇ ಒಂದು ದಾರಿ ಮಾಡಿಕೊಂಡರು. ಎ ಎಂದರೆ ಆಸ್ಟಿನ್ ಟೌನ್, ಬಿ ಬಾಣಸವಾಡಿ, ಸಿ ಕುಕ್ ಟೌನ್, ಡಿ ದೊಡ್ಡನೆಕ್ಕುಂದಿ, ಇ ಈಜಿಪುರ, ಎಫ್ ಫ್ರೇಜರ್ ಟೌನ್. ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ ಓದಿ ಒಂದೇ ಸಲಕ್ಕೆ ಮುಗಿಸಿದರು. ಹಿರಿಯರು ಆಗ ಮೊದಲ ಸಲ ನಕ್ಕದ್ದನ್ನು ನೋಡಿದೆ.

ಮೂರನೆಯ ದಿನ ತೊಂದರೆ ಶುರುವಾಯಿತು. ಹಳೆಯ ವ್ಯವಸ್ಥೆಯಲ್ಲಿ ಎಷ್ಟು ಕಂಪನಿಗಳಿಂದ ಫೈಲು ಬರುತ್ತದೆ, ಯಾವಾಗ, ಹೇಗೆ ಎಂಬುದನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಹೇಳಬೇಕಾದವರು ಹಿರಿಯರೇ. ಕೇಳಿದರೆ ಅರ್ಧ ಹೇಳುತ್ತಿದ್ದರು. ಒಂದು ಕಂಪನಿಯ ಫೈಲು ಸೋಮವಾರ ಬರುತ್ತದೆ ಎಂದರು. ಬರದಿದ್ದರೆ ಎಂದು ಹುಡುಗಿ ಕೇಳಿದಳು. ಫೋನ್ ಮಾಡುತ್ತೇನೆ ಎಂದರು. ಯಾರಿಗೆ ಎಂದಳು. ಅಲ್ಲೊಬ್ಬರಿದ್ದಾರೆ ಎಂದರು. ಅಷ್ಟೇ. ಅವರು ಮುಂಬೈಯ ಯಾವುದೋ ಗುಮಾಸ್ತರ ಜೊತೆ ವರ್ಷಗಟ್ಟಲೆ ಫೋನಿನಲ್ಲಿ ಮಾತಾಡಿಕೊಂಡೇ ಕೆಲಸ ನಡೆಸಿದ್ದರು. ಹೆಸರಿಗಿಂತ ದನಿಯ ಗುರುತು ಹೆಚ್ಚು. ಅಂಥದ್ದನ್ನು ಬೋರ್ಡಿನ ಮೇಲೆ ಬರೆಯಲು ಅವರಿಗೆ ಮನಸ್ಸಿರಲಿಲ್ಲವೋ, ಬರೆಯುವುದು ಹೇಗೆಂದು ಗೊತ್ತಿರಲಿಲ್ಲವೋ, ನನಗೆ ತಿಳಿಯಲಿಲ್ಲ. ಊಟದ ಹೊತ್ತಿನಲ್ಲಿ ಮ್ಯಾನೇಜರ್ ಬಂದು ಎಲ್ಲಿಯವರೆಗೆ ಬಂತು ಎಂದು ಕೇಳಿದರು. ನಾನು ಇನ್ನೂ ಆಗುತ್ತಿದೆ ಎಂದೆ.

ನಾಲ್ಕನೆಯ ದಿನದ ಪಾಠ, ಕೆಲಸ ಬಿಟ್ಟವರ ಅಕೌಂಟನ್ನು ತೆಗೆಯುವುದು. ಕಂಪನಿ ಬಿಟ್ಟು ಹೋದವರ ಪಾಸ್‌ವರ್ಡ್ ತಿಂಗಳುಗಟ್ಟಲೆ ಹಾಗೇ ಉಳಿದುಕೊಳ್ಳುವುದು ಎಲ್ಲ ಕಡೆಯೂ ಇದ್ದ ರೋಗ, ಅದಕ್ಕೇ ಈ ಪಾಠಕ್ಕೆ ಒಂದು ಬೆಳಿಗ್ಗೆ ಇಟ್ಟಿದ್ದೆ. ಅಭ್ಯಾಸಕ್ಕೆಂದು ಒಂದು ಬೇರೆ ಯಂತ್ರದಲ್ಲಿ ನಿಜವಾದ ವ್ಯವಸ್ಥೆಯ ನಕಲು ಮಾಡಿಸಿದ್ದೆವು. ಯಾರನ್ನು ತೆಗೆಯಲಿ ಮೇಡಂ ಎಂದು ಹುಡುಗಿ ಕೇಳಿದಳು. ಇರುವವರಲ್ಲಿ ಯಾರನ್ನಾದರೂ ತೆಗೆ ಎಂದೆ. ಇದ್ದದ್ದು ಒಂದೇ ಹೆಸರು. ಎಲ್ಲವನ್ನೂ ಹಿರಿಯರು ತಮ್ಮ ಹೆಸರಿನಲ್ಲೇ ಮಾಡಿಕೊಂಡಿದ್ದರಲ್ಲ. ಅವಳು ಅದರ ಮೇಲೆ ಒತ್ತಿದಳು. ಪರದೆಯ ಮೇಲೆ ಹಸಿರಾಗಿದ್ದ ಸಾಲುಗಳೆಲ್ಲ ಒಂದೊಂದಾಗಿ ಕೆಂಪಾದವು. ಸೋಮವಾರದ ಫೈಲು, ತಿಂಗಳ ಕೊನೆಯ ಫೈಲು, ಸಂಜೆಯ ವರದಿ, ಒಂದೂ ಉಳಿಯಲಿಲ್ಲ. ಅವರ ಅಕೌಂಟಿಗೆ ಎಲ್ಲವೂ ಕಟ್ಟಿಹಾಕಿಕೊಂಡಿದ್ದವು.

"ಅಯ್ಯೋ, ಸಾರ್ ಹೋದ್ರೆ ಕಂಪನೀನೇ ಕ್ಲೋಸು" ಎಂದು ಹಲಸೂರಿನವನು ನಕ್ಕ. ಹುಡುಗಿಯೂ ನಕ್ಕಳು. ಕೆಟ್ಟ ನಗುವೇನಲ್ಲ. ಹಿರಿಯರು ಮೊಬೈಲನ್ನು ಕೈಗೆ ತೆಗೆದುಕೊಂಡು ಎದ್ದು ಹೋದರು. ಫೈಲು ಬಂತೇನೋ ಎಂದುಕೊಂಡೆವು. ಅರ್ಧ ಗಂಟೆಯಾದರೂ ಬರಲಿಲ್ಲ. ಸೀಟಿನಲ್ಲಿ ನೋಡಿದರೆ ಅಲ್ಲೂ ಇರಲಿಲ್ಲ.

ಗೇಟಿನ ಎದುರು, ರಸ್ತೆಯ ಆಚೆ ಒಂದು ಟೀ ಅಂಗಡಿಯಿತ್ತು. ಅದರ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು. ಕೋಪ ಮಾಡಿಕೊಳ್ಳಬೇಡಿ, ಆ ಹುಡುಗಿ ಬೇಕೆಂದು ಮಾಡಿದ್ದಲ್ಲ ಎಂದೆ.

"ಕೋಪ ಅಲ್ಲ ಮೇಡಂ" ಎಂದರು. ಇಬ್ಬರಿಗೂ ಟೀ ಹೇಳಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ನನ್ನ ಹೆಸ್ರು ತೆಗ್ದ ತಕ್ಷಣ ಎಲ್ಲಾ ನಿಂತೋಯ್ತಲ್ಲ, ಆಗ ನಂಗೆ ಖುಷಿ ಆಯ್ತು. ನಿಜವಾಗ್ಲೂ ಖುಷಿ ಆಯ್ತು. ನೋಡ್ಲಿ, ನಾನಿಲ್ದೆ ಇದ್ರೆ ಹಿಂಗೇ ಆಗೋದು ಅಂತ. ಆಮೇಲೆ, ಇದಕ್ಕೆಲ್ಲಾ ಖುಷಿ ಪಡ್ತೀನಲ್ಲ ಅಂತ ನಾಚ್ಕೆ ಆಯ್ತು. ಆ ಹುಡುಗ್ರ ಮುಂದೆ ಕೂತ್ಕೊಳ್ಳೋಕೆ ಆಗ್ಲಿಲ್ಲ."

ನನ್ನ ತಂದೆಯೂ ಅದೇ ಕಾರ್ಖಾನೆಯಲ್ಲಿದ್ದರು ಎಂದೆ. ಯಾವ ಸೆಕ್ಷನ್ ಎಂದು ಕೇಳಿದರು, ಹೇಳಿದೆ. ಅವರಿಗೆ ಮುಖ ಪರಿಚಯವಿರಲಿಲ್ಲ, ಆದರೆ ಆ ಸೆಕ್ಷನ್ನಿನ ಹೊರಗಿದ್ದ ಸಂಪಿಗೆ ಮರ ನೆನಪಿತ್ತು. ಅಲ್ಲಿಂದ ಅವರ ಮಾತು ಸಲೀಸಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಒಂದೇ ಸೆಕ್ಷನ್ನಿನಲ್ಲಿ ಕೆಲಸ ಮಾಡಿದ್ದರು. ಒಂದು ಬಿಡಿಭಾಗದ ಅಳತೆ ಪರೀಕ್ಷಿಸುವ ಕೆಲಸ ಅವರಷ್ಟು ಚೆನ್ನಾಗಿ ಬೇರೆಯವರಿಗೆ ಬರುತ್ತಿರಲಿಲ್ಲ ಎಂದು ಅವರ ನಂಬಿಕೆ. ನಿವೃತ್ತಿ ತೆಗೆದುಕೊಂಡು ಬಂದ ಮೇಲೆ, ಯಾರಾದರೂ ಮನೆಗೆ ಬಂದು ಅದು ಹೇಗೆ ಇದು ಹೇಗೆ ಎಂದು ಕೇಳುತ್ತಾರೆ ಎಂದುಕೊಂಡಿದ್ದರಂತೆ. ಮನೆ ಇದ್ದದ್ದು ಕಾರ್ಖಾನೆಯಿಂದ ನಡೆದುಹೋಗುವಷ್ಟು ದೂರದಲ್ಲಿ. ಒಬ್ಬರೂ ಬರಲಿಲ್ಲ. ಕೆಲವು ತಿಂಗಳ ಮೇಲೆ ಅವರೇ ಏನೋ ನೆಪ ಮಾಡಿಕೊಂಡು ಹೋಗಿ ನೋಡಿದರೆ, ಆ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿದ್ದರು. ಅದಕ್ಕೇ ಇಲ್ಲಿ ಸೇರಿದ ಮೇಲೆ ಯಾವುದನ್ನೂ ಕೈಯಿಂದ ಬಿಟ್ಟುಕೊಡಲಿಲ್ಲ.

"ಮನೇಲಿ ಬಯ್ತಾರೆ" ಎಂದರು. ಮಗಳನ್ನು ಚಿತ್ರದುರ್ಗಕ್ಕೆ ಕೊಟ್ಟಿದ್ದರು. ಅಳಿಯ ಅಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶವೂ ಆಗಿತ್ತು. ಅವರ ಹೆಂಡತಿ ಹಲವು ಸಲ ಹೋಗಿ ಬಂದಿದ್ದರು. ಇವರು ಆ ಮನೆಯನ್ನು ನೋಡಿಯೇ ಇರಲಿಲ್ಲ. ಗೃಹಪ್ರವೇಶದ ದಿನ ತಿಂಗಳ ಕೊನೆಯಾಗಿತ್ತು.

ಟೀ ಲೋಟ ಇಟ್ಟು ಎದ್ದೆವು. ನಾನು ಬುದ್ಧಿಮಾತೇನೂ ಹೇಳಲಿಲ್ಲ, ವಯಸ್ಸಿನಲ್ಲಿ ನನಗಿಂತ ಅಷ್ಟು ದೊಡ್ಡವರು. ನಾಳೆ ಪಾಠ ನೀವೇ ಹೇಳಿ ಸಾರ್, ನಾನು ಹಿಂದೆ ಕೂರುತ್ತೇನೆ ಎಂದು ಮಾತ್ರ ಕೇಳಿಕೊಂಡೆ.

ಮರುದಿನ ನಾನು ಹೋಗುವಷ್ಟರಲ್ಲಿ ಅವರು ಬೋರ್ಡ್ ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಪಾಠ ಹೇಳುವುದು ಅವರಿಗೆ ಬರುತ್ತಿರಲಿಲ್ಲ ಎಂದೇ ಹೇಳಬೇಕು. ಒಂದು ಹೇಳುವಾಗ ಇನ್ನೊಂದು ನೆನಪಾಗಿ ಅಲ್ಲಿಗೆ ಹಾರುತ್ತಿದ್ದರು. ಮುಂಬೈಯವರ ಫೈಲು ತಡವಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ, ಒಂದು ಕಂಪನಿಯ ಫೈಲಿನಲ್ಲಿ ಕೊನೆಯ ಸಾಲು ಯಾವಾಗಲೂ ಖಾಲಿ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ, ಹೀಗೆ. ಹುಡುಗಿ ಪ್ರತಿಯೊಂದಕ್ಕೂ ಯಾಕೆ ಎಂದಳು. ಕೆಲವಕ್ಕೆ ಅವರ ಹತ್ತಿರ ಉತ್ತರವಿತ್ತು. ಕೆಲವಕ್ಕೆ, ಮೊದಲಿಂದ ಹಾಗೇ ಮಾಡ್ಕೊಂಡು ಬಂದಿದ್ದೀನಿ ಎಂದರು. ಅಂಥ ಎರಡು ಮೂರು ಕೆಲಸಗಳು ಬೇಕಾಗಿಯೇ ಇಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಅವುಗಳನ್ನು ಬಿಟ್ಟೆವು. ಅವರಿಗೆ ಸ್ವಲ್ಪ ಇರಿಸುಮುರಿಸಾಯಿತು, ಆದರೆ ಬೋರ್ಡಿನಿಂದ ಅವರೇ ಅಳಿಸಿದರು.

ಐದು ದಿನದ ಕ್ಲಾಸು ಎರಡನೆಯ ವಾರಕ್ಕೂ ಹೋಯಿತು. ನಮ್ಮ ಆಫೀಸಿನವರು ಗೊಣಗಿದರು, ಮ್ಯಾನೇಜರ್ ಒಪ್ಪಿಸಿದರು. ಮೂವರಿಗೂ ಬೇರೆ ಬೇರೆ ಅಕೌಂಟು ಮಾಡಿದೆವು. ಫೈಲು ಓಡಾಡುವ ಕೆಲಸಗಳನ್ನು ಯಾರ ಹೆಸರಿಗೂ ಅಂಟಿಸದೆ ವ್ಯವಸ್ಥೆಯದೇ ಒಂದು ಹೆಸರಿಗೆ ಕಟ್ಟಿದೆವು. ಕೊನೆಯಲ್ಲಿ ಅಭ್ಯಾಸದ ಯಂತ್ರದಲ್ಲಿ ತಮ್ಮ ಅಕೌಂಟನ್ನು ಹಿರಿಯರೇ ತೆಗೆದು ನೋಡಿದರು. ಒಂದು ಸಾಲೂ ಕೆಂಪಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಸರಿಯಾಗಿದೆ ಎಂದರು. ಆ ವಾರವೇ ರಜೆಗೆ ಬರೆದುಕೊಟ್ಟರು.

ಅವರು ಚಿತ್ರದುರ್ಗಕ್ಕೆ ಹೋದ ವಾರ ನಾನು ಬೇರೆ ಕ್ಲಾಸಿನಲ್ಲಿದ್ದೆ. ಹೇಗೆ ನಡೆಯುತ್ತಿದೆ ಎಂದು ಕೇಳಲು ಬಿಡುವಿನಲ್ಲಿ ದೊಡ್ಡನೆಕ್ಕುಂದಿಗೆ ಫೋನ್ ಮಾಡಿದೆ. ಹುಡುಗಿ ಎತ್ತಿಕೊಂಡಳು, ದನಿಯಲ್ಲಿ ಸುಸ್ತಿತ್ತು. ಹಿಂದಿನ ದಿನ ಮುಂಬೈಯ ವಿಮಾ ಕಂಪನಿಯವರು ಇವರಿಗೆ ಹೇಳದೆ ಹೊಸ ಸರ್ವರಿಗೆ ಬದಲಾಗಿದ್ದರು. ಬೀಗದ ಗುರುತು ಹೊಂದದೆ ನಮ್ಮ ಸಾಫ್ಟ್‌ವೇರ್ ಫೈಲನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ, ಈ ಹೊಸ ಗುರುತನ್ನು ನಂಬಬಹುದೇ ಎಂದು ಪರದೆಯ ಮೇಲೆ ಕೇಳುತ್ತಿತ್ತು. ಇವಳು ಹಿರಿಯರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಆ ಗುಮಾಸ್ತರು ಊಟಕ್ಕೆ ಹೋಗಿದ್ದರು. ಎತ್ತಿಕೊಂಡವನು ಹೊಸಬ. ಸುಮ್ಮನೆ ಯೆಸ್ ಒತ್ತಿಬಿಡಿ ಮೇಡಂ ಎಂದನಂತೆ. ಇವಳು ಒತ್ತಲಿಲ್ಲ. ಆ ಗುಮಾಸ್ತರೇ ಬರಲಿ ಎಂದು ಕಾದಳು. ಅಷ್ಟು ಹೊತ್ತೂ ಅಚ್ಚಿನ ಯಂತ್ರ ನಿಂತಿತ್ತು. ಮ್ಯಾನೇಜರ್ ಅಚ್ಚಿನ ಹಾಲಿನಿಂದ ಬಂದು, ಇದೆಲ್ಲಾ ಯಾಕೆ, ಚಿತ್ರದುರ್ಗಕ್ಕೆ ಒಂದು ಫೋನ್ ಮಾಡಿ ಅವರನ್ನೇ ಕೇಳಿ ಎಂದು ರೇಗಿದರು. ಹಲಸೂರಿನವನು ಅಡ್ಡ ನಿಂತ.

"ಬೇಡ ಸಾರ್. ಅವ್ರು ರಜೆ ಮೇಲಿದ್ದಾರೆ. ನಾವೇ ಮಾಡ್ತೀವಿ" ಎಂದನಂತೆ.

ಗುಮಾಸ್ತರು ಬಂದ ಮೇಲೆ ಹುಡುಗಿ ಅವರ ಜೊತೆ ಗುರುತನ್ನು ಓದಿ ತಾಳೆ ನೋಡಲು ಕೂತಳು. ಅಭ್ಯಾಸಬಲದಿಂದ ಫ್ರೇಜರ್ ಟೌನ್, ಬಾಣಸವಾಡಿ ಎಂದು ಶುರು ಮಾಡಿದಳಂತೆ, ಅವರು ಅದೇನು ಎಂದು ಹಿಂದಿಯಲ್ಲಿ ಕೇಳಿದರು. ವಿವರಿಸಿ, ಮತ್ತೆ ಮೊದಲಿಂದ ಓದಿ, ತಾಳೆಯಾಗಿ, ಫೈಲು ಬರುವಾಗ ಸಂಜೆಯಾಗುತ್ತಿತ್ತು. ನೋಟಿಸುಗಳು ಅರ್ಧ ದಿನ ತಡವಾಗಿ ಅಂಚೆಗೆ ಹೋದವು. ವಿಮಾ ಕಂಪನಿಯವರು ಖಾರವಾಗಿ ಒಂದು ಮೇಲ್ ಬರೆದರು. ತಪ್ಪು ಅವರದೇ ಎಂದು ಇವಳು ಮರ್ಯಾದೆಯಿಂದಲೇ ಉತ್ತರಿಸಿದಳು. ಅಲ್ಲಿಗೆ ಅದು ಮುಗಿಯಿತು. ಅವಳು ಇದನ್ನೆಲ್ಲ ಹೇಳಿ, ಸರಿ ಮಾಡಿದ್ನಾ ಮೇಡಂ ಎಂದು ಕೇಳಿದಳು. ಸರಿಯಾಗೇ ಮಾಡಿದ್ದೀಯ ಎಂದೆ. ಅಷ್ಟು ವರ್ಷದ ಪಾಠದಲ್ಲಿ ಹೀಗೆ ನೇರವಾಗಿ ಫಲ ಕಂಡದ್ದು ಕಡಿಮೆ, ಆ ದಿನ ಮಧ್ಯಾಹ್ನದ ಕ್ಲಾಸನ್ನು ಖುಷಿಯಿಂದ ಮಾಡಿದೆ.

ಕೆಲವು ವಾರಗಳ ಮೇಲೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಹಿರಿಯರು ಸಿಕ್ಕರು. ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಚಿತ್ರದುರ್ಗ ಹೇಗಿತ್ತು ಎಂದು ಕೇಳಿದೆ.

"ಒಂದ್ ಫೋನೂ ಮಾಡ್ಲಿಲ್ಲ ಮೇಡಂ" ಎಂದರು. "ಮುಂಬೈದು ಅಷ್ಟೊಂದ್ ದೊಡ್ಡ ಗಲಾಟೆ ಆಗಿದೆ. ಒಂದ್ ಮಾತು ಕೇಳ್ಬಾರ್ದಾ?"

ದೂರಿನಲ್ಲಿ ನೋವಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಮಗಳ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ತಾರಸಿಯ ಮೇಲೆ ಮಾತ್ರ. ಮೊದಲ ದಿನಗಳೆಲ್ಲ ಅವರು ತಾರಸಿಯ ಮೇಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಿಂಡಿಯೂ ಅಲ್ಲಿಗೇ ಬರುತ್ತಿತ್ತು. ಹೆಂಡತಿ ಬೈದರು, ಅಳಿಯನಿಗೆ ಮುಜುಗರವಾಯಿತು. ಮೊಮ್ಮಗ ಫೋನ್ ತಾತ ಎಂದು ಕರೆಯಲು ಶುರು ಮಾಡಿದ. ಕೊನೆಗೊಂದು ಬೆಳಿಗ್ಗೆ ಫೋನನ್ನು ಕೆಳಗೆ ಚಾರ್ಜಿಗೆ ಹಾಕಿ, ಮೊಮ್ಮಗನ ಜೊತೆ ಕೋಟೆಗೆ ಹೋದರು. ಮಂಡಿ ನೋವಿಗೆ ಮೇಲಿನವರೆಗೆ ಹತ್ತಲಾಗಲಿಲ್ಲ. ನಡುವೆ ಒಂದು ಬಾಗಿಲಿನ ನೆರಳಲ್ಲಿ ಕೂತು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದರು. ಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಎಷ್ಟು ಬಿಗಿಯಾಗಿ ಕೂರಿಸಿದ್ದಾರೆ ಎಂದು ನನಗೆ ಕೈಯಲ್ಲಿ ತೋರಿಸಿ ಹೇಳಿದರು. ನಡುವೆ ಒಂದು ಕಾಗದವೂ ತೂರುವುದಿಲ್ಲವಂತೆ.

ಆಮೇಲೆ ಅವರು ರಜೆ ಹಾಕುವುದನ್ನು ರೂಢಿ ಮಾಡಿಕೊಂಡರು. ಮ್ಯಾನೇಜರ್ ಒಮ್ಮೆ ಫೋನಿನಲ್ಲಿ ಬೇರೇನೋ ಮಾತಾಡುವಾಗ, ನೀವು ಕಲಿಸಿದ್ದು ಸ್ವಲ್ಪ ಜಾಸ್ತಿಯೇ ಆಯಿತು, ಈಗ ಮೂವರಲ್ಲಿ ಯಾರೋ ಒಬ್ಬರು ಯಾವಾಗಲೂ ರಜೆಯ ಮೇಲಿರುತ್ತಾರೆ ಎಂದು ಗೊಣಗಿದರು. ಬಾಣಸವಾಡಿಯ ಹುಡುಗಿ ಎರಡು ವರ್ಷದ ಮೇಲೆ ಒಂದು ದೊಡ್ಡ ಕಂಪನಿಗೆ ಹೋದಳು. ಹೋಗುವ ಮೊದಲು ತನ್ನ ಜಾಗಕ್ಕೆ ಬಂದವಳಿಗೆ ಪಾಠ ಹೇಳಿದ್ದು ಹಿರಿಯರೇ ಎಂದು ತಿಳಿಸಿದಳು. ನಾನು ಆ ಹೊತ್ತಿಗೆ ಬೇರೆ ಊರುಗಳ ಕ್ಲಾಸಿಗೆ ಓಡಾಡುತ್ತಿದ್ದೆ. ಹಿರಿಯರಿಗೆ ಈ ಸಲವಾದರೂ ಪಾಠ ಹೇಳುವುದು ಸರಿಯಾಗಿ ಬಂತೋ ಇಲ್ಲವೋ ಎಂದು ಕೇಳುವುದು ಮರೆತುಹೋಯಿತು.